ಹದಿನಾರು ಮಂದಿ ದುಬೈಗೆ ಹೊರಟರೆ

ಕೇರಳದ ಕಾಸರಗೋಡಿನ ಬದಿಯಡ್ಕದ ಕಡೆ ದುಬೈ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಗಲ್ಫಿನಲ್ಲಿ ಸಂಬಂಧಿಕರಿಲ್ಲದವರೇ ಇಲ್ಲಿ ಕಡಿಮೆ. ಆದರೆ ಎಂಬತ್ತು ದಾಟಿದ ಅತ್ತೆಯಿಂದ ಹಿಡಿದು ಮೂರು ವರ್ಷದ ಮೊಮ್ಮಗಳವರೆಗೆ ಹದಿನಾರು ಮಂದಿ ಒಟ್ಟಿಗೆ ವಿಮಾನ ಹತ್ತುವುದು ಬೇರೆಯೇ ಕಸುಬು. ಕಳೆದ ಡಿಸೆಂಬರಿನಲ್ಲಿ ಹೋಗಿ ಬಂದೆವು. ಹೊರಡುವ ಯೋಚನೆ ಇರುವವರಿಗೆ ಇಷ್ಟು ಹೇಳಿಬಿಡುತ್ತೇನೆ.

ಮೊದಲ ಜಗಳ ದಿನ ಗೊತ್ತುಮಾಡುವಾಗಲೇ. ಓಣಂ ರಜೆಯಲ್ಲಿ ಅಲ್ಲಿ ಹೊರಗೆ ಕಾಲಿಡಲಾಗದ ಸೆಕೆ, ಏಪ್ರಿಲ್-ಮೇ ರಜೆಯೂ ಬಿಸಿಲಿಗೇ. ಹವೆ ಹಿತವಾಗಿರುವುದು ನವೆಂಬರಿನಿಂದ ಮಾರ್ಚ್ ತನಕ. ಹಾಗಾಗಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಕ್ರಿಸ್ಮಸ್ ರಜೆಯೇ ಗತಿ. ಟಿಕೆಟಿಗೆ ಬೆಂಕಿ ಬಿದ್ದಿರುತ್ತದೆ, ತೋಟದಲ್ಲಿ ಅಡಿಕೆ ಕೊಯ್ಲು, ನೀರು ಬಿಡುವ ಕೆಲಸವೂ ಅದೇ ಹೊತ್ತಿಗೆ. ದನಕ್ಕೂ ತೋಟಕ್ಕೂ ಯಾರು ಎಂಬುದನ್ನು ಟಿಕೆಟಿಗೆ ಮೊದಲು ತೀರ್ಮಾನಿಸಿ. ನಮ್ಮಲ್ಲಿ ಸಣ್ಣ ಭಾವ ತಾವಾಗಿ ನಿಂತರು.

ಪಾಸ್‌ಪೋರ್ಟಿನ ಕೆಲಸ ಆರು ತಿಂಗಳು ಮೊದಲೇ ಹಿಡಿಯಿರಿ. ಕಾಸರಗೋಡಿನವರಿಗೆ ಹೆಸರಿನದ್ದೇ ದೊಡ್ಡ ರಗಳೆ. ಅತ್ತೆಯ ಹೆಸರಿನ ಲಕ್ಷ್ಮಿ ಒಂದು ದಾಖಲೆಯಲ್ಲಿ ಲಕ್ಷ್ಮಿ, ಮಲಯಾಳದ ಮೂಲಕ ಇಂಗ್ಲಿಷಿಗೆ ಹೋದ ಇನ್ನೊಂದರಲ್ಲಿ ಲೆಕ್ಷ್ಮಿ. ಆಧಾರ್ ತಿದ್ದಿಸಿ, ಪಯ್ಯನ್ನೂರಿನ ಸೇವಾಕೇಂದ್ರಕ್ಕೆ ಎರಡು ಸಲ ಓಡಾಡಿದ ಮೇಲೆ ಅದು ಒಂದಾಯಿತು. ಶಾಲೆಯ ಸರ್ಟಿಫಿಕೇಟಿನಲ್ಲಿ ಇನಿಶಿಯಲ್ ಮಾತ್ರ ಇದ್ದವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮಿನ ಜಾಗ ಖಾಲಿ ಉಳಿದಿರುತ್ತದೆ. 2022ರ ಕೊನೆಯಿಂದ ಯುಎಇ ಒಂದೇ ಹೆಸರಿನ ಪಾಸ್‌ಪೋರ್ಟಿಗೆ ತಕರಾರು ತೆಗೆಯುತ್ತದೆ. ಅಂಥದ್ದಿದ್ದರೆ ಈಗಲೇ ಸರಿಮಾಡಿಸಿ. ಅವಧಿಯೂ ಕನಿಷ್ಠ ಆರು ತಿಂಗಳು ಬಾಕಿ ಇರಬೇಕು. ವೀಸಾ ಕೈಗೆ ಬಂದಾಗ ಹದಿನಾರನ್ನೂ ಅಕ್ಷರ ಅಕ್ಷರ ಓದಿ. ನಮ್ಮ ಏಜೆಂಟ್ ಒಂದು ಮಗುವಿನ ಹುಟ್ಟಿದ ತಿಂಗಳನ್ನೇ ತಪ್ಪಾಗಿ ಹಾಕಿದ್ದ. ಅದನ್ನು ಕಂಡುಹಿಡಿದದ್ದು ಎಂಟನೇ ಕ್ಲಾಸಿನ ಹುಡುಗಿ.

ಇನ್ನು ಚೀಲ. ಹೊರಡುವ ಹಿಂದಿನ ರಾತ್ರಿ ಎಲ್ಲರ ಚೀಲವನ್ನೂ ಚಾವಡಿಯಲ್ಲಿ ಸುರುವಿ ನೋಡಿದೆ, ಕೆಲವರಿಗೆ ಸಿಟ್ಟು ಬಂತು. ನಾದಿನಿಯ ಚೀಲದಲ್ಲಿ ಪಾಯಸಕ್ಕೆಂದು ಗಸಗಸೆಯ ಪೊಟ್ಟಣ! ಅಲ್ಲಿ ಗಸಗಸೆ ಮಾದಕವಸ್ತುವಿನ ಲೆಕ್ಕಕ್ಕೆ ಬರುತ್ತದೆ, ಜೈಲಿನ ಮಾತು. ಕೊಬ್ಬರಿಯಲ್ಲಿ ಎಣ್ಣೆಯಂಶ ಹೆಚ್ಚು, ಬೆಂಕಿ ಹಿಡಿಯುವ ಭಯ, ಹಾಗಾಗಿ ವಿಮಾನಕ್ಕೇ ಬಿಡುವುದಿಲ್ಲ. ಕೋಡೀನ್ ಇರುವ ಕೆಮ್ಮಿನ ಸಿರಪ್ಪು, ಟ್ರಾಮಡಾಲ್ ಇರುವ ನೋವಿನ ಮಾತ್ರೆ ಅನುಮತಿ ಇಲ್ಲದೆ ಒಯ್ಯುವ ಹಾಗಿಲ್ಲ. ಉಳಿದ ಮಾತ್ರೆಗಳಿಗೂ ಡಾಕ್ಟರ ಚೀಟಿ ಜೊತೆಗಿರಲಿ.

ಎಲ್ಲಕ್ಕಿಂತ ಕಷ್ಟವಾದದ್ದು ವೀಳ್ಯದೆಲೆ. ಅದೂ ಅಲ್ಲಿ ನಿಷಿದ್ಧ. ಅಡಿಕೆ ಬೆಳೆದೇ ಬದುಕಿದ ಮನೆಯ ಹಿರಿಯರಿಗೆ ಇದನ್ನು ಹೇಳುವುದು ಹೇಗೆ? ಎಲೆಪೆಟ್ಟಿಗೆಯನ್ನು ಅತ್ತೆ ಸೀರೆಯ ಮಡಿಕೆಯೊಳಗೆ ಇಟ್ಟಿದ್ದರು. ನಾನು ತೆಗೆದದ್ದಕ್ಕೆ ಬಜ್ಪೆ ವಿಮಾನನಿಲ್ದಾಣ ಮುಟ್ಟುವವರೆಗೆ ಮಾತಿಲ್ಲ. ಕೈಗೆ ಲವಂಗ, ಏಲಕ್ಕಿಯ ಡಬ್ಬಿ ಕೊಟ್ಟೆ. ಈ ಅಭ್ಯಾಸವನ್ನು ಒಂದು ವಾರ ಮೊದಲೇ ಶುರುಮಾಡಿಸಿದ್ದರೆ ಒಳ್ಳೆಯದಿತ್ತು.

ಈಗ ಮುಖ್ಯ ವಿಷಯ. ಹದಿನಾರು ಮಂದಿಯನ್ನು ಒಂದೇ ಹಿಂಡಾಗಿ ನಡೆಸಲು ಹೋಗಬೇಡಿ. ಅಲ್ಲಿ ಸಾಮಾನ್ಯ ಟ್ಯಾಕ್ಸಿಗೆ ನಾಲ್ಕು ಮಂದಿ, ಆದ್ದರಿಂದ ನಾಲ್ಕು ನಾಲ್ಕರ ತಂಡ ಮಾಡಿ, ಪ್ರತಿ ತಂಡದಲ್ಲೂ ಅಲ್ಲಿಯ ಸಿಮ್ ಇರುವ ಒಂದು ಫೋನ್ ಇರಲಿ. ಆದರೆ ತಂಡ ಮಾಡುವುದು ಮನೆವಾರು ಅಲ್ಲ, ನಡಿಗೆವಾರು. ಮೊದಲ ದಿನ ನಾವು ಮನೆವಾರು ಮಾಡಿದೆವು. ಪ್ರತಿ ತಂಡಕ್ಕೂ ಒಬ್ಬ ಓಡುವವ, ಒಬ್ಬ ಕುಂಟುವವ ಬಂದು ನಾಲ್ಕೂ ತಂಡ ಕೆಟ್ಟಿತು. ಮೆಟ್ರೋದಿಂದ ದುಬೈ ಮಾಲಿಗೆ ಹೋಗುವ ಗಾಜಿನ ಓಣಿಯೇ ಮುಕ್ಕಾಲು ಕಿಲೋಮೀಟರಿಗಿಂತ ಉದ್ದ. ಚಲಿಸುವ ಪಟ್ಟಿ ಇದ್ದರೂ ಹಿರಿಯರು ಅದರ ಮೇಲೆ ಕಾಲಿಡಲು ಹೆದರುತ್ತಾರೆ. ಮರುದಿನ ಅತ್ತೆ, ಮೊಣಕಾಲು ನೋವಿನ ನೆಗೆಣ್ಣಿ, ಮೂರು ವರ್ಷದ ಮಗು, ನಾನು ನಿಧಾನದ ತಂಡವಾದೆವು. ಅಲ್ಲಿಂದ ಮೇಲೆ ಯಾರೂ ಯಾರನ್ನೂ ಬೈಯಲಿಲ್ಲ.

ಮೆಟ್ರೋಗೆ ಒಂದು ನಿಯಮ ಮೊದಲೇ ಮಾಡಿಕೊಳ್ಳಿ. ಬುರ್ಜುಮಾನ್ ನಿಲ್ದಾಣದಲ್ಲಿ ನಾವು ಒಂಬತ್ತು ಮಂದಿ ಹತ್ತುವಷ್ಟರಲ್ಲಿ ಬಾಗಿಲು ಮುಚ್ಚಿತು. ಗಾಜಿನಾಚೆ ಏಳು ಮುಖ, ದೊಡ್ಡ ಭಾವ ಬಾಗಿಲು ಬಡಿಯುತ್ತಿದ್ದಾರೆ. ಅತ್ತೆ ಮುಂದಿನ ಬೋಗಿಯತ್ತ ಕುತ್ತಿಗೆ ಉದ್ದ ಮಾಡಿ ನೋಡಿ, "ಇದರ ಓಡುಸುವವನೇ ಇಲ್ಲೆ, ನಿಲ್ಲುಸು ಹೇಳಿ ಆರತ್ರೆ ಹೇಳುದು?" ಎಂದರು. ನಿಜ, 2009ರಲ್ಲಿ ಶುರುವಾದ ಆ ರೈಲಿಗೆ ಚಾಲಕನೇ ಇಲ್ಲ. ನಾವು ಮುಂದಿನ ನಿಲ್ದಾಣದಲ್ಲಿ ಇಳಿದು ಕಾದೆವು, ಅವರು ನಮ್ಮನ್ನು ಹುಡುಕಿಕೊಂಡು ಎರಡು ನಿಲ್ದಾಣ ಮುಂದೆ ಹೋಗಿಬಿಟ್ಟರು. ಹತ್ತಿದವರು ಮುಂದಿನ ನಿಲ್ದಾಣದಲ್ಲಿ ಇಳಿದು ಕಾಯಬೇಕು, ಉಳಿದವರು ಮುಂದಿನ ರೈಲಿನಲ್ಲಿ ಅಲ್ಲಿಗೇ ಬಂದು ಇಳಿಯಬೇಕು. ಇಷ್ಟೇ ನಿಯಮ. ಹೆಂಗಸರ, ಮಕ್ಕಳ ಬೋಗಿಗೆ ಗಂಡಸರು ನುಗ್ಗಿದರೆ ದಂಡ. ಮೆಟ್ರೋದಲ್ಲಿ ಚಕ್ಕುಲಿ ಬಿಚ್ಚಿದರೂ ದಂಡವೇ.

ನೋಡುವ ಜಾಗಕ್ಕೆಲ್ಲ ಹದಿನಾರು ಟಿಕೆಟ್ ತೆಗೆಯಬೇಕೆಂದಿಲ್ಲ. 828 ಮೀಟರಿನ ಬುರ್ಜ್ ಖಲೀಫಾದ ಮೇಲೆ ಐವರು ಹೋದರು, ಉಳಿದವರು ಕೆಳಗಿನಿಂದ ಕತ್ತೆತ್ತಿ ನೋಡಿದೆವು. ಎಲ್ಲರೂ ಒಟ್ಟಿಗೆ ಇದ್ದದ್ದು ಊರ ನಡುವಿನ ಕಡಲಕಾಲುವೆಯ ಈಚೆ ದಡದ ಬರ್ ದುಬೈಯಿಂದ ಆಚೆ ದಡದ ದೇರಾಕ್ಕೆ ದಾಟುವ ಅಬ್ರಾ ದೋಣಿಯಲ್ಲಿ. ತಲೆಗೆ ಒಂದು ದಿರ್ಹಂ. ಇಪ್ಪತ್ತು ಮಂದಿ ಹಿಡಿಯುತ್ತದೆ, ಹಾಗಾಗಿ ದೋಣಿ ಹೆಚ್ಚುಕಡಿಮೆ ನಮ್ಮದೇ. ಸಣ್ಣವರಿದ್ದಾಗ ಕಡವು ದಾಟಿ ಶಾಲೆಗೆ ಹೋಗುತ್ತಿದ್ದ ಅತ್ತೆ ಎರಡು ಸಲ ಆಚೆ ಈಚೆ ಮಾಡಿಸಿದರು.

ಸಂಬಂಧಿಕರ ಫ್ಲ್ಯಾಟಿಗೆ ಹದಿನಾರು ಮಂದಿ ನುಗ್ಗಬೇಡಿ. ಒಂದು ಕೋಣೆಯ ಮನೆ, ಒಂದು ಬಚ್ಚಲು. ಪಾರ್ಕಿಗೆ ಬರಹೇಳಿ, ಹಪ್ಪಳ ಉಪ್ಪಿನಕಾಯಿಯ ಕಟ್ಟು ಅಲ್ಲೇ ಕೊಟ್ಟರಾಯಿತು.

ದುಡ್ಡಿಗೆ ಒಂದೇ ಚೀಲ, ಒಬ್ಬರದೇ ಕೈ. ದೊಡ್ಡವರಿಗೆ ಪೂರ್ತಿ ಪಾಲು, ಮಕ್ಕಳಿಗೆ ಅರ್ಧ, ಅತ್ತೆಗೆ ಇಲ್ಲ. ಲೆಕ್ಕ ಆಯಾ ರಾತ್ರಿಯೇ ಬರೆಯಿರಿ. "ಇದು ನನ್ನದು, ನಾನು ಕೊಡುತ್ತೇನೆ" ಎಂದು ಹೋಟೆಲಿನಲ್ಲಿ ಎದ್ದು ನಿಲ್ಲುವ ಭಾವಂದಿರನ್ನು ಕೂರಿಸಿ. ಊರಿಗೆ ಬಂದ ಮೇಲೆ ನೆನಪಿಸುವವರೂ ಅವರೇ.

ಮನೆ ಕಾದವರ ಪಾಲನ್ನು ಆ ಚೀಲದಲ್ಲಿ ಮೊದಲ ದಿನವೇ ಬೇರೆ ತೆಗೆದಿಡಿ. ನಮಗೆ ಸಣ್ಣ ಭಾವನ ನೆನಪಾದದ್ದು ವಿಮಾನ ಹತ್ತುವ ಗೇಟಿನ ಹತ್ತಿರ. ದೇರಾದಲ್ಲಿ ರಾಶಿ ಹಾಕಿ ಮಾರುವ ಖರ್ಜೂರಕ್ಕೆ ಅಲ್ಲಿ ದುಪ್ಪಟ್ಟು ಕೊಟ್ಟೆವು. ಡಬ್ಬಿಯ ಮೇಲಿನ ಬೆಲೆಯ ಚೀಟಿ ಕೀಳಲು ಮರೆತುಹೋಗಿತ್ತು.