ಹಳ್ಳದಿಂದ ಹಂಡೆಯವರೆಗೆ

ಮಲೆನಾಡಿನ ನಮ್ಮ ಅಡಿಕೆ ತೋಟದ ಮೇಲೆ ಹರಿಯುವ ಹಳ್ಳದಿಂದ ಮನೆಗೆ ವಿದ್ಯುತ್ ಮಾಡಿಕೊಳ್ಳಲು ಹೊರಟಾಗ ನಾನು ಮೊದಲು ಅಳೆದದ್ದು ಎರಡನ್ನೇ: ನೀರು ಇಳಿಯುವ ಎತ್ತರ ಮತ್ತು ಒಂದು ಸೆಕೆಂಡಿಗೆ ಬರುವ ನೀರು. ನೀರು ತುಂಬಿದ ಪಾರದರ್ಶಕ ಪೈಪಿನಿಂದ ಮಟ್ಟ ಹಿಡಿಯುತ್ತ ಧರೆಯಿಂದ ಧರೆಗೆ ಇಳಿದು ಕೂಡಿಸಿದಾಗ ಎತ್ತರ 21 ಮೀಟರ್ ಆಯಿತು. ಡಿಸೆಂಬರಿನಲ್ಲಿ 200 ಲೀಟರಿನ ಡ್ರಮ್ಮು 25 ಸೆಕೆಂಡಿಗೆ ತುಂಬಿತು, ಅಂದರೆ ಸೆಕೆಂಡಿಗೆ 8 ಲೀಟರ್. ಒಂದು ಲೀಟರ್ ನೀರು ಒಂದು ಮೀಟರ್ ಇಳಿದರೆ ಸುಮಾರು 9.8 ಜೌಲ್ ಶಕ್ತಿ ಸಿಗುವುದರಿಂದ ಕಾಗದದ ಮೇಲೆ 1,646 ವಾಟ್ ಇತ್ತು.

ಕೈಗೆ ಬಂದದ್ದು 520 ವಾಟ್. ದೋಷ ಟರ್ಬೈನಿನದೆಂದು (ನೀರಿನ ರಭಸಕ್ಕೆ ತಿರುಗಿ ವಿದ್ಯುತ್ ಹುಟ್ಟಿಸುವ ಚಕ್ರ) ಒಂದು ವಾರ ಅದನ್ನೇ ಬಿಚ್ಚಿ ಜೋಡಿಸಿದೆ. ಕೊನೆಗೆ ಹಳ್ಳದ ನೀರನ್ನು ಟರ್ಬೈನಿಗೆ ಇಳಿಸುವ ಪೈಪಿನ ತುದಿಗೆ ಒತ್ತಡದ ಮೀಟರು ಕಟ್ಟಿ ನೋಡಿದರೆ, ವಾಲ್ವ್ ಮುಚ್ಚಿದ್ದಾಗ ಚದರ ಸೆಂಟಿಮೀಟರಿಗೆ 2.1 ಕಿಲೋಗ್ರಾಂ ತೋರಿಸುತ್ತಿದ್ದ ಮುಳ್ಳು ನೀರು ಬಿಟ್ಟೊಡನೆ 1.35ಕ್ಕೆ ಇಳಿಯುತ್ತಿತ್ತು. ಈ ಲೆಕ್ಕದಲ್ಲಿ ಒಂದು ಕಿಲೋಗ್ರಾಂ ಅಂದರೆ ಸುಮಾರು ಹತ್ತು ಮೀಟರ್ ನೀರಿನ ಎತ್ತರ; ಹಾಗಾಗಿ ಎತ್ತರದಲ್ಲಿ 7.5 ಮೀಟರಿನಷ್ಟು, 120 ಮೀಟರ್ ಉದ್ದದ ಮೂರಿಂಚಿನ ಪೈಪಿನ ಘರ್ಷಣೆಗೇ ಹೋಗುತ್ತಿತ್ತು. ಆ ಶಕ್ತಿ ಇಲ್ಲವಾಗಿರಲಿಲ್ಲ, ನೀರನ್ನು ಒಂದು ಡಿಗ್ರಿಯ ಐವತ್ತನೇ ಒಂದು ಭಾಗಕ್ಕೂ ಕಡಿಮೆ ಬಿಸಿ ಮಾಡಿತ್ತು; ಅದರಿಂದ ದೀಪ ಹತ್ತುವುದಿಲ್ಲ, ಅಷ್ಟೆ. ಹರಿವು ಅಷ್ಟೇ ಇದ್ದರೆ ವ್ಯಾಸ ಅರ್ಧವಾದಾಗ ಈ ನಷ್ಟ ಸುಮಾರು 32 ಪಟ್ಟಾಗುತ್ತದೆಂಬುದನ್ನು ಮೊದಲೇ ಓದಿದ್ದೆ. ಆದರೂ ದುಡ್ಡು ಉಳಿಸಲು ಮೂರಿಂಚಿನ ಪೈಪನ್ನೇ ಆರಿಸಿದವನು ನಾನೇ. ನಾಲ್ಕಿಂಚಿನ ಪೈಪು ಹಾಕಿದ ಮೇಲೆ ನಷ್ಟ ಒಂದೂಕಾಲು ಮೀಟರಿಗೆ ಇಳಿದು 770 ವಾಟ್ ಬಂತು. ಟರ್ಬೈನಿಗೆ ತಲುಪಿದ ಶಕ್ತಿಯಲ್ಲಿ ಇದು ಅರ್ಧ; ಇಷ್ಟು ಚಿಕ್ಕ ಯಂತ್ರಕ್ಕೆ ಅದು ಕಡಿಮೆಯೇನಲ್ಲ.

ರಾತ್ರಿ ದೀಪ ಆರಿಸಿದರೂ ಹಳ್ಳ ನಿಲ್ಲುವುದಿಲ್ಲ. ಹೊರೆ ತಗ್ಗಿದರೆ ಚಕ್ರದ ವೇಗವೂ ವೋಲ್ಟೇಜೂ ಏರಿ ಉಳಿದ ಬಲ್ಬುಗಳು ಸುಟ್ಟುಹೋಗುತ್ತವೆ. ಹಾಗಾಗಿ ಒಂದು ಲೋಡ್ ಕಂಟ್ರೋಲರ್, ಮಿಕ್ಕ ವಿದ್ಯುತ್ತನ್ನು ಬಚ್ಚಲಮನೆಯ ತಾಮ್ರದ ಹಂಡೆಯೊಳಗಿನ ಹೀಟರಿಗೆ ಕಳಿಸುತ್ತದೆ. (ಅರ್ಥಿಂಗ್ ಮಾಡಿಸದೆ ಇದಕ್ಕೆ ಕೈ ಹಾಕಬಾರದು, ಹೀಟರ್ ಉರಿಯುವಾಗ ಹಂಡೆಯ ನೀರನ್ನು ಮುಟ್ಟಲೂಬಾರದು.) 600 ವಾಟ್ ಆರು ಗಂಟೆ ಹರಿದರೆ 50 ಲೀಟರ್ ನೀರು 62 ಡಿಗ್ರಿಯಷ್ಟು ಹೆಚ್ಚು ಬಿಸಿಯಾಗಬೇಕು, ಏರಿದ್ದು 40 ಡಿಗ್ರಿ ಮಾತ್ರ. ಬಾಯಿಗೆ ಮುಚ್ಚಳವಿಟ್ಟು ಸುತ್ತ ಗೋಣಿತಾಟು ಕಟ್ಟಿದ ಮೇಲೆ 50ರ ತನಕ ಏರತೊಡಗಿತು.

ಮಾರ್ಚಿನಲ್ಲಿ ಹರಿವು 2 ಲೀಟರಿಗೆ ಕುಗ್ಗಿದಾಗ ಯಂತ್ರ ನಿಲ್ಲಿಸಿ, ಗೋಣಿತಾಟು ಬಿಚ್ಚಿ, ಹಂಡೆಯ ಕೆಳಗೆ ಮತ್ತೆ ಒಣಗಿದ ಅಡಿಕೆ ಸೋಗೆ ಉರಿಸುತ್ತೇವೆ.