ಏಳು ದಿನದ ಮರಿಯಲ್ಲಿ ಮೈಲಿನ್ ಎಣಿಸಿದ ಕಥೆ

ಏಳು ದಿನದ ಇಲಿ ಮರಿಯ ಆಪ್ಟಿಕ್ ನರ್ವ್‌ನಲ್ಲಿ (ಕಣ್ಣಿನಿಂದ ಮೆದುಳಿಗೆ ಹೋಗುವ ನರ) ಮೈಲಿನ್, ಅಂದರೆ ನರತಂತುಗಳಿಗೆ ಸುತ್ತಿಕೊಳ್ಳುವ ಕೊಬ್ಬಿನ ಹೊದಿಕೆ, ಎಣಿಸುತ್ತೇನೆ ಅಂದಾಗ ಲ್ಯಾಬ್‌ನಲ್ಲಿ ಎಲ್ಲರೂ ನಕ್ಕರು. ‘ಮೂರು ವಾರದ್ದು ಮಾಡು, ಸುಮ್ನೆ ಗ್ರಿಡ್ ದಂಡ ಮಾಡಬೇಡ’ ಅಂದರು. ಗ್ರಿಡ್ ಅಂದರೆ ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ತುಂಡನ್ನು ಇಡುವ ಪುಟ್ಟ ಲೋಹದ ಜಾಲರಿ. ಅವರು ಹೇಳಿದ್ದರಲ್ಲೂ ತಪ್ಪಿರಲಿಲ್ಲ. ಮೊದಲ ನಾಲ್ಕು ಲಿಟರ್ (ಒಂದು ತಾಯಿ ಒಂದೇ ಸಲಕ್ಕೆ ಹೆತ್ತ ಮರಿಗಳ ಗುಂಪು) ಪೂರ್ತಿ ವ್ಯರ್ಥವಾದವು.

ದೊಡ್ಡ ಇಲಿಗೆ ಇಡುವ ಒತ್ತಡದಲ್ಲೇ ಮರಿಗೂ ಪರ್ಫ್ಯೂಶನ್ ಮಾಡುತ್ತಿದ್ದೆ, ಅಂದರೆ ಅಂಗಾಂಶ ಕೆಡದಂತೆ ಇಡುವ ದ್ರವವನ್ನು (ಫಿಕ್ಸೇಟಿವ್) ರಕ್ತನಾಳಗಳ ಮೂಲಕ ಹರಿಸುತ್ತಿದ್ದೆ. ಫಿಕ್ಸೇಟಿವ್ ಮೂಗಿನಿಂದ ಇಳಿಯುತ್ತಿತ್ತು! ಅದು ಸರಿಹೋಯಿತು ಅನ್ನುವಷ್ಟರಲ್ಲಿ ಇನ್ನೊಂದು ಕಾಟ. ನೂಲಿನಂಥ ನರ್ವ್ ಹಸಿಯಾಗಿರುವಾಗಲೇ ಎಳೆದು ತೆಗೆಯುತ್ತಿದ್ದೆ. ಸ್ಕ್ರೀನ್ ಮೇಲೆ ಬರೀ ಬಿಚ್ಚಿಕೊಂಡ ಸುತ್ತುಗಳು. ಮೈಲಿನ್ ಈಗಷ್ಟೇ ಸುತ್ತುತ್ತಿದೆಯೋ, ನಾನೇ ಬಿಚ್ಚಿಟ್ಟೆನೋ, ಹೇಗೆ ಹೇಳೋದು? ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಗಂಟೆ ಲೆಕ್ಕದಲ್ಲಿ ದುಡ್ಡು ಬೇರೆ. ಡೈಮಂಡ್ ನೈಫ್ ಅಂಚಿಗೂ ಒಂದು ಏಟು ಬಿತ್ತು. ಅದನ್ನು ತೀರಿಸೋಕೆ ಮುಂದಿನ ಆರು ತಿಂಗಳು ಗಾಜಿನ ನೈಫ್‌ನಲ್ಲೇ ಸೆಮಿಥಿನ್ (ಸಾಮಾನ್ಯ ಮೈಕ್ರೋಸ್ಕೋಪಿಗೆ ಸಾಕಾಗುವ, ತುಸು ದಪ್ಪದ ತುಂಡು) ಕತ್ತರಿಸಿದೆ.

ಒಂದು ಲಿಟರ್‌ನಲ್ಲಂತೂ ಎಣಿಕೆ ಸೊನ್ನೆ. ಎರಡು ದಿನ ತಲೆ ಕೆಡಿಸಿಕೊಂಡೆ. ಕಣ್ಣುಗುಡ್ಡೆಗೆ ಅಂಟಿದ ತುದಿಯನ್ನೇ ಕತ್ತರಿಸಿದ್ದೆ. ಅಲ್ಲಿ ದೊಡ್ಡ ಇಲಿಗೂ ಮೈಲಿನ್ ಇರಲ್ಲ! ಅದನ್ನು ಸುತ್ತುವ ಕೋಶಗಳ ಪೂರ್ವಜರು ಬರೋದು ಮೆದುಳಿನ ಕಡೆಯಿಂದ, ಕಯಾಸ್ಮ (ಎರಡೂ ಕಣ್ಣಿನ ನರಗಳು ಸೇರುವ ಜಾಗ) ದಾಟಿಕೊಂಡು. ಆಮೇಲಿನಿಂದ ಕಯಾಸ್ಮ ಕಡೆಯ ತುದಿಯನ್ನು ಓರೆಯಾಗಿ ಕತ್ತರಿಸಿ ಗುರುತಿಡುತ್ತೇನೆ.

ಕೊನೆಗೆ ಕೈಹಿಡಿದದ್ದು ಬಹಳ ಸರಳ. ನರ್ವ್ ಮುಟ್ಟಲೇಬೇಡಿ. ತಲೆಬುರುಡೆಯಲ್ಲೇ ಒಂದು ರಾತ್ರಿ ಗ್ಲುಟರಾಲ್ಡಿಹೈಡ್ ಅನ್ನೋ ಫಿಕ್ಸೇಟಿವ್‌ನಲ್ಲಿ ಇಡಿ, ಬೆಳಿಗ್ಗೆ ಕತ್ತರಿಸಿ. ಎಷ್ಟು ಪರ್ಸೆಂಟ್, ಬಫರ್‌ಗೆ ಏನು ಸೇರಿಸುತ್ತೇನೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಏಳನೇ ದಿನಕ್ಕೆ ನೂರು ಆಕ್ಸಾನ್‌ಗಳಲ್ಲಿ (ನರತಂತುಗಳಲ್ಲಿ) ಎರಡಕ್ಕೋ ಮೂರಕ್ಕೋ ಮೈಲಿನ್ ಸುತ್ತಿಕೊಂಡಿರುತ್ತದೆ. 28ನೇ ದಿನಕ್ಕೆ 80 ದಾಟುತ್ತದೆ. ಆ ದೊಡ್ಡ ಮರಿಗಳ ನರ್ವ್‌ಗೆ ರೆಸಿನ್ (ಕತ್ತರಿಸಲು ಗಟ್ಟಿ ಬ್ಲಾಕ್ ಮಾಡುವ ಅಂಟು) ಇಳಿಯೋಕೆ ಜಾಸ್ತಿ ಹೊತ್ತು ಬೇಕು. ಎರಡಕ್ಕೂ ಒಂದೇ ಸಮಯ ಕೊಟ್ಟು ಅಲ್ಲೂ ಒಂದು ಬ್ಯಾಚ್ ಕಳಕೊಂಡೆ.

ನಡುವೆ ಒಂದು ಹುಚ್ಚು: ಬೆಳಕಿಲ್ಲದಿದ್ದರೆ ಮೈಲಿನ್ ಬದಲಾಗುತ್ತದೋ ನೋಡೋಣ ಅಂತ ಒಂದು ಲಿಟರ್ ಅನ್ನು ಹುಟ್ಟಿದಾಗಿನಿಂದ ಕತ್ತಲಲ್ಲಿ ಸಾಕಿದೆ. ಏಳನೇ ದಿನ ಏನೂ ವ್ಯತ್ಯಾಸ ಕಾಣಲಿಲ್ಲ. ಕಣ್ಣು ತೆರೆಯೋದೇ ಎರಡು ವಾರಕ್ಕೆ, ಅಲ್ವಾ? ಆದರೆ ಅದಕ್ಕೂ ಮೊದಲೇ ರೆಟಿನಾ ತನ್ನಷ್ಟಕ್ಕೆ ಸಿಗ್ನಲ್ ಕಳಿಸುತ್ತಿರುತ್ತದೆ. ಅದನ್ನು ತಡೆಯೋಣವೆಂದು ಕಣ್ಣಿಗೆ ಟೆಟ್ರೊಡೊಟಾಕ್ಸಿನ್ (ನರದ ಸಿಗ್ನಲ್ ನಿಲ್ಲಿಸುವ ವಿಷ) ಹಾಕಿದೆ. ಎರಡು ಮರಿ ಸತ್ತವು. ಬಿಟ್ಟುಬಿಟ್ಟೆ.

ಅಂದು ನಕ್ಕವರಲ್ಲಿ ಒಬ್ಬರು ಹೋದ ವಾರ ಬ್ಲಾಕ್ ಹಿಡಿದುಕೊಂಡು ಬಂದಿದ್ದರು. ಅವರೂ ಕಣ್ಣಿನ ತುದಿಯನ್ನೇ ಕತ್ತರಿಸಿದ್ದರು.