ಕತೆಯ ನಡುವೆ ಎಡಿಷನ್ ಬದಲಾಯಿಸಿದ್ದು: ನಮ್ಮ ಹಾಸನದ ಟೇಬಲ್ಲಿನ ಅನುಭವ

ಹಾಸನದಲ್ಲಿ ನಾವು ಕೆಲವು ಸ್ನೇಹಿತರು ಭಾನುವಾರ ಸೇರಿ ಟೇಬಲ್‌ಟಾಪ್ ರೋಲ್ ಪ್ಲೇಯಿಂಗ್ ಗೇಮ್ ಆಡುತ್ತೇವೆ, ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಿನಲ್ಲೇ ಕತೆ ನಡೆಸುತ್ತೇವೆ, ಕೆಲಸ ಆಯಿತೋ ಇಲ್ಲವೋ ಅಂತ ದಾಳ ಹೇಳುತ್ತೆ. ಆಡುವುದು ‘ಕಾಲ್ ಆಫ್ ಕ್ತುಲು’, 1981ರಿಂದ ಇರುವ ಹಾರರ್ ಆಟ. ಕತೆ ನಡೆಸುವ ಕೀಪರ್ ನಾನು. ನಮ್ಮ ಕತೆ 1920ರ ದಶಕದ್ದು, ಸಕಲೇಶಪುರದ ಕಡೆಯ ಒಂದು ಕಾಫಿ ಎಸ್ಟೇಟಿನದು. ಒಬ್ಬರು ಎಸ್ಟೇಟ್ ರೈಟರು, ಒಬ್ಬರು ಡಾಕ್ಟರು, ಇನ್ನೊಬ್ಬರು ಮಂಜರಾಬಾದ್ ಕೋಟೆ ಅಳೆಯೋಕೆ ಬಂದ ಸರ್ವೇಯರ್. ಕತೆ ಅರ್ಧ ಆಗಿದ್ದಾಗಲೇ ನಿಯಮ ಪುಸ್ತಕದ ಹಳೇ ಆರನೇ ಎಡಿಷನ್ ಬಿಟ್ಟು ಏಳನೆಯದಕ್ಕೆ ಬಂದೆವು. ನಡುವೆ ನಿಯಮ ಬದಲಾಯಿಸಿದರೆ ಆಟ ಕೆಡುತ್ತೆ ಅಂತ ಹೆದರುವವರು ಜಾಸ್ತಿ. ನಮಗೆ ಹಾಗೇನೂ ಆಗಲಿಲ್ಲ.

ಬುನಾದಿ ಎರಡರಲ್ಲೂ ಒಂದೇ. ಹತ್ತು ಮುಖದ ಎರಡು ದಾಳ ಹಾಕಬೇಕು. ಒಂದು ಹತ್ತರ ಸ್ಥಾನಕ್ಕೆ, ಇನ್ನೊಂದು ಬಿಡಿ ಸ್ಥಾನಕ್ಕೆ. ನಿಮ್ಮ ಕೌಶಲ 60 ಅಂತಿದ್ದರೆ 60 ಅಥವಾ ಅದಕ್ಕಿಂತ ಕಮ್ಮಿ ಬೀಳಬೇಕು, ಅಷ್ಟೇ. ಬದಲಾಗಿದ್ದು ಇದರ ಮೇಲೆ ಕಟ್ಟಿದ್ದು.

ಮೊದಲು ಪಾತ್ರಗಳ ಹಾಳೆ ತಿದ್ದಿದೆವು. ಹಳೆಯದರಲ್ಲಿ ಶಕ್ತಿ, ಬುದ್ಧಿ ಇವೆಲ್ಲ ಸಾಮಾನ್ಯವಾಗಿ 3ರಿಂದ 18ರೊಳಗೆ. ಹೊಸದರಲ್ಲಿ ಅವನ್ನು ಐದರಿಂದ ಗುಣಿಸಿ ನೇರ ಶೇಕಡಾ ಮಾಡಿಕೊಳ್ಳಬೇಕು. ಪಕ್ಕದಲ್ಲಿ ಅದರ ಅರ್ಧ, ಅದರ ಐದನೇ ಒಂದು ಭಾಗ ಬರೆಯಬೇಕು. ಡಾಕ್ಟರ ಶಕ್ತಿ 13 ಇತ್ತು, ಈಗ 65, 32, 13. ಕೊನೆಯ ಅಂಕೆ ನೋಡಿದಿರಾ? ಹಳೇ 13 ಅಲ್ಲೇ ಕೂತಿದೆ. ಹಾಗಾಗಿ ಹಳೇ ಅಂಕೆಯನ್ನು ಅಳಿಸಬೇಡಿ, ಅದರ ಎಡಕ್ಕೆ ಮಿಕ್ಕ ಎರಡನ್ನು ಬರೆದರೆ ಮುಗಿಯಿತು. ಕೌಶಲಗಳು ಮೊದಲೇ ಶೇಕಡಾದಲ್ಲಿವೆ, ಅವನ್ನು ಗುಣಿಸೋದು ಬೇಡ. ಈ ಮೂರು ಅಂಕೆಗಳೇ ರೆಗ್ಯುಲರ್, ಹಾರ್ಡ್, ಎಕ್ಸ್‌ಟ್ರೀಮ್ ಎಂಬ ಮೂರು ಹಂತ. ಕೆಲಸ ಕಷ್ಟದ್ದಾದರೆ ‘ಹಾರ್ಡ್ ಬೇಕು’ ಅಂದುಬಿಡುತ್ತೇನೆ, ಆಡುವವರು ನಡುವಿನ ಅಂಕೆ ನೋಡಿಕೊಳ್ಳುತ್ತಾರೆ.

ನನಗೆ ತುಂಬಾ ಹಿಡಿಸಿದ್ದು ಬೋನಸ್ ದಾಳ. ಮೊದಲೆಲ್ಲ ಅನುಕೂಲ ಇದ್ದರೆ ‘20 ಸೇರಿಸ್ಕೋ’, ಕತ್ತಲಿದ್ದರೆ ‘20 ಕಳಿ’ ಅಂತ ಹೇಳುತ್ತಿದ್ದೆ. ಈಗ ಅದಿಲ್ಲ. ಅನುಕೂಲ ಇದ್ದರೆ ಹತ್ತರ ಸ್ಥಾನಕ್ಕೆ ಎರಡು ದಾಳ ಹಾಕಿ ಒಳ್ಳೆಯದನ್ನು ಇಟ್ಟುಕೊಳ್ಳುವುದು. ತೊಂದರೆ ಇದ್ದರೆ ಪೆನಾಲ್ಟಿ ದಾಳ, ಆಗ ಕೆಟ್ಟದ್ದನ್ನು ಇಟ್ಟುಕೊಳ್ಳಬೇಕು. ಎರಡೂ ಇದ್ದರೆ ಒಂದಕ್ಕೊಂದು ವಜಾ.

ಇದನ್ನು ಒಪ್ಪಿಕೊಳ್ಳುವ ಮೊದಲು ಚೌಕುಳಿ ನೋಟ್‌ಬುಕ್ಕಿನಲ್ಲಿ ಹತ್ತು ಸಾಲು ಹತ್ತು ಕಂಬ ಎಳೆದು ಲೆಕ್ಕ ಹಾಕಿದೆ. ಸಾಲು ಒಂದು ದಾಳ, ಕಂಬ ಇನ್ನೊಂದು. ಕೌಶಲ 50 ಇದ್ದರೆ ಬೋನಸ್ ದಾಳದಿಂದ ಗೆಲ್ಲುವ ಅವಕಾಶ ನೂರಕ್ಕೆ 75 ಆಗುತ್ತೆ, ಪೆನಾಲ್ಟಿಯಿಂದ 25ಕ್ಕೆ ಇಳಿಯುತ್ತೆ. 20 ಇದ್ದವನಿಗೆ ಬೋನಸ್ಸಿನಲ್ಲಿ 36, ಪೆನಾಲ್ಟಿಯಲ್ಲಿ ಬರೀ 4. 80 ಇದ್ದವನಿಗೆ 96 ಮತ್ತು 64. ಹಳೇ ಲೆಕ್ಕದಲ್ಲಿ 20 ಸೇರಿಸಿದರೆ 20 ಇದ್ದವನದು 40 ಆಗಿ ದುಪ್ಪಟ್ಟಾಗುತ್ತಿತ್ತು, 80 ಇದ್ದವನದು ನೂರಕ್ಕೆ ಮುಟ್ಟಿ ಭಯವೇ ಹೋಗುತ್ತಿತ್ತು. ಹೊಸದು ನಡುವಿನವರಿಗೆ ಜಾಸ್ತಿ ಕೊಡುತ್ತೆ, ಎರಡೂ ತುದಿಯವರಿಗೆ ಕಮ್ಮಿ. ಬೇಟೆಯಲ್ಲಿ ಪಳಗಿದವನೂ ಮಳೆಗಾಲದ ರಾತ್ರಿ ಪೂರ್ತಿ ನಿಶ್ಚಿಂತೆಯಿಂದ ಇರಬಾರದು. ಹಾರರ್ ಕತೆಗೆ ಇದೇ ಸರಿ ಅಂತ ನನಗನ್ನಿಸಿತು.

ಒಂದು ಕಡೆ ಮಾತ್ರ ಎಲ್ಲರೂ ತಡವರಿಸುತ್ತಾರೆ. ಹತ್ತರ ದಾಳಗಳಲ್ಲಿ 00 ಮತ್ತು 40, ಬಿಡಿ ದಾಳದಲ್ಲಿ 0 ಬಿತ್ತು ಅಂತಿಟ್ಟುಕೊಳ್ಳಿ. 00 ಚಿಕ್ಕದು ಅಂತ ಕೈ ಅದಕ್ಕೇ ಹೋಗುತ್ತೆ. ಆದರೆ 00 ಮತ್ತು 0 ಸೇರಿದರೆ 100, ಆಟದಲ್ಲೇ ಅತಿ ಕೆಟ್ಟ ಗರ. ಒಳ್ಳೆಯದು 40. ಬಿಡಿ ದಾಳಕ್ಕೆ ಬೇರೆ ಬಣ್ಣ ಇಟ್ಟು, ಅದನ್ನೇ ಮೊದಲು ಓದುವ ರೂಢಿ ಮಾಡಿಸಿದೆ.

ಆಮೇಲೆ ಪುಶ್. ಗರ ಸೋತರೆ ಒಂದು ಸಲ ಮತ್ತೆ ಹಾಕಬಹುದು, ಆದರೆ ಈ ಸಲ ಏನು ಬೇರೆ ಮಾಡುತ್ತೀರಿ ಅಂತ ಹೇಳಬೇಕು. ಮತ್ತೆ ಸೋತರೆ ಏನಾಗುತ್ತೆ ಅಂತ ನಾನೂ ಮೊದಲೇ ಹೇಳಿಬಿಡುತ್ತೇನೆ. ಚೌಕಾಬಾರದಲ್ಲಿ ನಾಲ್ಕೋ ಎಂಟೋ ಬಿದ್ದು ಅದೃಷ್ಟ ಕುದುರಿದಾಗ ಇನ್ನೊಂದು ಗರ ಸಿಗುತ್ತಲ್ಲ, ಇದು ಅದರ ಉಲ್ಟಾ: ಕೈಕೊಟ್ಟಾಗ ಸಿಗುತ್ತೆ, ಅದೂ ಬೆಲೆ ತೆತ್ತು. ರೈಟರು ಗೋದಾಮಿನ ಬೀಗ ತೆಗೆಯಲಾರದೆ ಸೋತರು.

‘ಅಣ್ಣಾ, ಪುಶ್ ಮಾಡ್ತೀನಿ. ಕಬ್ಬಿಣದ ಸಲಾಕೆ ಹಾಕಿ ಮೀಟ್ತೀನಿ.’

‘ಮೀಟಪ್ಪ. ಆದ್ರೆ ಸೋತ್ರೆ ಸದ್ದಿಗೆ ಒಳಗಿರೋದು ಎದ್ದೇಳುತ್ತೆ.’

ಯಾರೂ ಉಸಿರೆತ್ತಲಿಲ್ಲ. 87 ಬಿತ್ತು. ಈ ನಿಯಮ ಹೊಡೆದಾಟದಲ್ಲಿ ಇಲ್ಲ, ಮನಸ್ಸಿನ ಸ್ಥಿಮಿತ ನೋಡುವ ಗರಕ್ಕೂ ಇಲ್ಲ.

ದಾಳ ಎಲ್ಲಿ ಸಿಗುತ್ತೆ ಅಂತ ಕೇಳುವವರಿಗೆ: ನಾವು ಆನ್‌ಲೈನಲ್ಲಿ ತರಿಸಿದೆವು. ಬರುವ ತನಕ ಹಾವು ಏಣಿ ಆಟದ ದಾಳ ಮತ್ತು ಒಂದು ನಾಣ್ಯ ಸಾಕು. 6 ಬಿದ್ದರೆ ಮತ್ತೆ ಹಾಕಿ, ನಾಣ್ಯದಲ್ಲಿ ತಲೆ ಬಿದ್ದರೆ 5 ಸೇರಿಸಿ. 1ರಿಂದ 10ರ ತನಕ ಎಲ್ಲಕ್ಕೂ ಸಮ ಅವಕಾಶ. 10 ಬಂದರೆ ಸೊನ್ನೆ ಅಂತ ಓದಿ.

ಕೂಡಿ ಕಳೆಯುವುದನ್ನು ಬಿಟ್ಟು ದಾಳ ಹೆಚ್ಚಿಸುವುದು ಈ ಒಂದು ಆಟದ ಚಾಳಿಯಲ್ಲ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 2014ರ ಐದನೇ ಎಡಿಷನ್ನಿನಲ್ಲಿ ಇಪ್ಪತ್ತು ಮುಖದ ದಾಳ ಎರಡು ಹಾಕಿ ದೊಡ್ಡದನ್ನು ಇಟ್ಟುಕೊಳ್ಳುವ ಅಡ್ವಾಂಟೇಜ್ ಬಂತು. ಅಲ್ಲೂ ಅರ್ಧಕ್ಕರ್ಧ ಅವಕಾಶ 75 ಆಗುತ್ತೆ, ಅದೇ ಲೆಕ್ಕ. ‘ಶ್ಯಾಡೋರನ್’ ಹಳೇ ಎಡಿಷನ್ನುಗಳದು ಇನ್ನೂ ತಮಾಷೆ. ಆರು ಮುಖದ ದಾಳದಲ್ಲಿ 6 ಬಿದ್ದರೆ ಮತ್ತೆ ಹಾಕಿ ಕೂಡಿಸಬೇಕಿತ್ತು, ಅಂದರೆ ಕನಿಷ್ಠ 7 ಆಗೇ ಆಗುತ್ತಿತ್ತು. ಹಾಗಾಗಿ 6 ಬೇಕಾದಾಗಲೂ 7 ಬೇಕಾದಾಗಲೂ ಅವಕಾಶ ಒಂದೇ! 2005ರ ನಾಲ್ಕನೇ ಎಡಿಷನ್ನಿನಲ್ಲಿ ಗುರಿಯನ್ನು ಯಾವಾಗಲೂ 5 ಅಂತ ಕಟ್ಟಿ, ದಾಳದ ಸಂಖ್ಯೆಯನ್ನು ಮಾತ್ರ ಏರಿಳಿಸಿದರು.

ಏಳನೆಯದರಲ್ಲಿ ನನಗೆ ಹಿಡಿಸದ್ದು ಒಂದಿದೆ. ಮೊದಲು ಇಬ್ಬರ ಬಲಾಬಲಕ್ಕೆ ರೆಸಿಸ್ಟೆನ್ಸ್ ಟೇಬಲ್ ಇತ್ತು, ಒಂದೇ ಗರದಲ್ಲಿ ತೀರ್ಮಾನ. ಅದನ್ನು ತೆಗೆದು, ಇಬ್ಬರೂ ದಾಳ ಹಾಕಿ ಯಾರ ಹಂತ ಮೇಲೋ ಅವರು ಗೆದ್ದರು ಅಂತ ಮಾಡಿದ್ದಾರೆ. ಇಬ್ಬರೂ ಎದುರಾಬದುರು ಇದ್ದರೆ ಚೆನ್ನಾಗಿಯೇ ಇದೆ. ಆದರೆ ಅಂಕೆ ಕಮ್ಮಿ ಇರುವ ಇಬ್ಬರು ಹಗ್ಗ ಜಗ್ಗಿದರೆ ಇಬ್ಬರೂ ಸೋಲುತ್ತಾ ಕೂರುತ್ತಾರೆ. ಹಗ್ಗ ಜಗ್ಗಾಟಕ್ಕೆ, ವಿಷ ಮೈಗೇರುವುದಕ್ಕೆ ನಾನು ಹಳೇ ಲೆಕ್ಕವನ್ನೇ ಉಳಿಸಿಕೊಂಡೆ. ಹೊಸ ಅಂಕೆಗಳಲ್ಲಿ ಅದು ಇನ್ನೂ ಸಲೀಸು, ಟೇಬಲ್ ನೋಡೋದೇ ಬೇಡ. 50ಕ್ಕೆ ಇಬ್ಬರ ವ್ಯತ್ಯಾಸ ಸೇರಿಸಿ ಅಥವಾ ಕಳೆಯಿರಿ. ಡಾಕ್ಟರ ಶಕ್ತಿ 65, ಎದುರಿಗಿದ್ದದ್ದು 80, ಅಂದರೆ ಡಾಕ್ಟರು 35ರೊಳಗೆ ಹಾಕಬೇಕು.